ಹೆಣ್ಣು ನೋಡಿದವರು ಘಂಟೆ ಹೊತ್ತು ನಡೆದದ್ದು

ನನ್ನ ಅಪ್ಪ ಅರಕಲಗೂಡಿನ ಮಿಡ್ಲ್ ಸ್ಕೂಲಿನಲ್ಲಿ ಹೆಡ್ ಮಾಸ್ತರರಾಗಿದ್ದರು. ವಾರದಲ್ಲಿ ಆರು ದಿನ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದರು, ಏಳನೆಯ ದಿನ ಕಲ್ಲು ನೋಡಲು ಹೋಗುತ್ತಿದ್ದರು. ಸುತ್ತಿನ ಹದಿನೈದು ಮೈಲಿಯೊಳಗೆ ಯಾವ ಹೊಲದ ಬದುವಿನಲ್ಲಿ ವೀರಗಲ್ಲು ಮಗುಚಿ ಬಿದ್ದಿದೆ, ಯಾವ ಕೆರೆಯ ತೂಬಿನ ಪಕ್ಕ ಶಾಸನದ ತುಂಡಿದೆ ಎಂಬುದು ಅವರಿಗೆ ಬಾಯಿಪಾಠವಾಗಿತ್ತು. ಮನೆಯಲ್ಲಿ ಉಪ್ಪಿನ ಜಾಡಿ ಎಲ್ಲಿದೆ ಎಂದು ಕೇಳಿದರೆ ಮಾತ್ರ ಗೊತ್ತಿರಲಿಲ್ಲ. ಹತ್ತು ವರ್ಷದವಳಾದಾಗಿನಿಂದ ನಾನೂ ಅವರ ಜೊತೆ ಹೋಗುತ್ತಿದ್ದೆ. ಕಲ್ಲಿನ ಪಾಚಿ ಕೆರೆದು, ಸೀಮೆಸುಣ್ಣದ ಪುಡಿ ಸವರಿ, ಅಕ್ಷರ ಎದ್ದು ಕಂಡ ಮೇಲೆ ನೋಟ್ ಬುಕ್ಕಿಗೆ ಇಳಿಸುವುದು ನನ್ನ ಕೆಲಸ. ಎಸ್.ಎಸ್.ಎಲ್.ಸಿ. ಮುಗಿಸುವ ಹೊತ್ತಿಗೆ ಹಳಗನ್ನಡದ ಅಕ್ಷರಗಳನ್ನು ಅಪ್ಪನಿಗಿಂತ ಬೇಗ ಓದುತ್ತಿದ್ದೆ. ಮುಂದೆ ಹಾಸನಕ್ಕೆ ಹೋಗಿ ಟೀಚರ್ಸ್ ಟ್ರೈನಿಂಗ್ ಮಾಡಬೇಕೆಂಬುದು ನನ್ನ ಆಸೆ. ಅಮ್ಮನಿಗೆ ಮೊದಲು ಮದುವೆ ಆಗಲಿ ಎಂಬ ಆಸೆ. ಅಪ್ಪ ಎರಡಕ್ಕೂ ತಲೆಯಾಡಿಸುತ್ತಿದ್ದರು.

ಐವತ್ತೆಂಟನೆಯ ಇಸವಿ ಇರಬೇಕು. ಚನ್ನರಾಯಪಟ್ಟಣದಿಂದ ಒಂದು ಸಂಬಂಧ ಬಂತು. ನಮ್ಮ ಹಾಗೆಯೇ ಜೈನರು, ಬೆಳಗೊಳದ ಕಡೆಯ ಮೂಲದವರು. ಪಟ್ಟಣದ ಪೇಟೆಯಲ್ಲಿ ಹಿತ್ತಾಳೆ ಪಾತ್ರೆಯ ಅಂಗಡಿ. ಹುಡುಗ ಅಪ್ಪನ ಜೊತೆ ಅಂಗಡಿ ನೋಡಿಕೊಳ್ಳುತ್ತಾನೆ ಎಂದರು. ಒಂದು ಗುರುವಾರ ಎಂಟು ಜನ ನಮ್ಮ ನಡುಮನೆಯಲ್ಲಿ ಜಮಖಾನೆಯ ಮೇಲೆ ಕುಳಿತು ಉಪ್ಪಿಟ್ಟು ತಿಂದರು. ಅವರಲ್ಲಿ ಏಳು ಜನ ಮಾತಾಡಿದರು. ಮಾತಾಡದೆ ಇದ್ದವರೇ ಗಂಡು. ನಾನು ಕಾಫಿ ತಂದಾಗ ತಲೆಯೆತ್ತಿ ನನ್ನನ್ನು ನೋಡುವ ಬದಲು ಲೋಟವನ್ನು ಕೈಗೆ ತೆಗೆದುಕೊಂಡು ಸುತ್ತ ತಿರುಗಿಸಿ ನೋಡಿದರು, ಕುಡಿದಾದ ಮೇಲೆ ಒಳಗೂ ನೋಡಿದರು. ಅಪ್ಪ ಏನಾಯಿತೆಂದು ಕೇಳಿದಾಗ, ತಗ್ಗಿದ ದನಿಯಲ್ಲಿ, ‘ಕಲಾಯಿ ಹೋಗಿದೆ ಸಾರ್’ ಎಂದರು. ಆ ದಿನ ಅವರು ಆಡಿದ್ದು ಇಷ್ಟೇ.

ಅವರೆಲ್ಲ ಹೋದ ಮೇಲೆ ನನ್ನ ಸೋದರತ್ತೆ ಸಿಡಿಮಿಡಿಗೊಂಡರು. ಅತ್ತೆ ಅಪ್ಪನ ಅಕ್ಕ, ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ನಮ್ಮ ಮನೆಗೆ ಬಂದು ನೆಲೆಸಿದವರು. ಮನೆಯ ಮಡಿ, ಮನೆಯ ಮಾತು ಎರಡೂ ಅವರ ಕೈಯಲ್ಲಿದ್ದವು. ಹೆಣ್ಣು ನೋಡಲು ಬಂದವನು ಲೋಟ ನೋಡಿಕೊಂಡು ಹೋದ ಎಂದು ಮೂರು ದಿನ ಹೇಳಿದರು. ಅಪ್ಪ ಮಾತ್ರ, ಒಂದು ತಟ್ಟೆ ಉಪ್ಪಿಟ್ಟಿನಲ್ಲಿ ಮನುಷ್ಯ ಗೊತ್ತಾಗುವುದಿಲ್ಲ, ಹತ್ತು ಮೈಲಿ ಜೊತೆಗೆ ನಡೆದರೆ ಗೊತ್ತಾಗುತ್ತಾನೆ ಎಂದು ಹೇಳಿ ಚನ್ನರಾಯಪಟ್ಟಣಕ್ಕೆ ಕಾಗದ ಬರೆದರು. ಬರುವ ಭಾನುವಾರ ಒಂದು ಪ್ರಾಚೀನ ಬಸದಿಯನ್ನು ನೋಡಿಕೊಂಡು ಕಾವೇರಿ ದಡದವರೆಗೆ ಹೋಗಿಬರುವವರಿದ್ದೇವೆ, ಚಿರಂಜೀವಿಯವರು ಬಂದರೆ ಸಂತೋಷ ಎಂದು ಆ ಕಾಗದದಲ್ಲಿತ್ತು. ಬಸದಿ ಪಾಳು ಬಿದ್ದಿದೆ ಎಂದು ಬರೆಯಲು ಅಪ್ಪನಿಗೆ ತೋಚಲಿಲ್ಲ. ಅಪ್ಪನ ಲೆಕ್ಕದಲ್ಲಿ ಪ್ರಾಚೀನ ಎಂದರೆ ಪಾಳು ಎಂದೇ ಅರ್ಥ.

ಗಂಡಿನ ಮನೆಯವರಿಗೆ ಹಾಗೆ ಅರ್ಥವಾಗಲಿಲ್ಲ. ಶನಿವಾರ ಸಂಜೆ ಹೊಳೆನರಸೀಪುರದಲ್ಲಿ ಬಸ್ಸು ಬದಲಿಸಿ ಹುಡುಗ ಒಬ್ಬರೇ ಅರಕಲಗೂಡಿಗೆ ಬಂದು, ಪರಿಚಯದವರ ಮನೆಯಲ್ಲಿ ಉಳಿದು, ಭಾನುವಾರ ಬೆಳಿಗ್ಗೆ ಆರು ಗಂಟೆಗೆ ನಮ್ಮ ಬಾಗಿಲಲ್ಲಿ ನಿಂತರು. ಇಸ್ತ್ರಿ ಮಾಡಿದ ಪಂಚೆ, ಕರಿ ಕೋಟು, ಕಾಲಿಗೆ ಹೊಳೆಯುವ ಹೊಸ ಬೂಟು, ಬಗಲಲ್ಲಿ ಭಾರದ ಖಾಕಿ ಚೀಲ. ಚೀಲ ಜಗಲಿಗೆ ತಗುಲಿದ್ದೇ ಢಣ್ ಎಂದಿತು. ಅಪ್ಪ ಒಳಗೇನಿದೆ ಎಂದು ಕೇಳಿದರು. ಬಿಚ್ಚಿ ತೋರಿಸಿದರೆ ಒಂದು ಕಂಚಿನ ಘಂಟೆ. ಏಳೆಂಟು ರಾತ್ಲು ತೂಗುತ್ತಿತ್ತೇನೋ. ಬಸದಿಯ ದರ್ಶನಕ್ಕೆ ಬರಿಗೈಯಲ್ಲಿ ಹೋಗಬಾರದೆಂದು ಅವರ ತಾಯಿ ಅಂಗಡಿಯಲ್ಲಿದ್ದ ಒಳ್ಳೆಯ ಘಂಟೆಯನ್ನೇ ಆರಿಸಿ ಕಳಿಸಿದ್ದರು.

ಅಪ್ಪನಿಗೆ ಮುಜುಗರವಾಯಿತು. ಆ ಬಸದಿಯಲ್ಲಿ ಪೂಜೆ ನಿಂತು ತಲೆಮಾರುಗಳೇ ಆಗಿವೆ, ಮಾಡೂ ಇಲ್ಲ, ದೇವರೂ ಇಲ್ಲ, ಘಂಟೆಯನ್ನು ಇಲ್ಲೇ ಬಿಟ್ಟು ಬನ್ನಿ ಎಂದು ಬಿಡಿಸಿ ಹೇಳಿದರು. ಅವರು ಚೀಲದ ಬಾಯಿಯನ್ನು ಮತ್ತೆ ಕಟ್ಟಿದರು.

‘ಅಮ್ಮ ಬಸದಿಗೆ ಅಂತ ಕೊಟ್ಟಿದಾರೆ ಸಾರ್. ಬಸದಿವರೆಗಂತೂ ತಗೊಂಡು ಹೋಗ್ತೀನಿ. ಆಮೇಲೆ ನೋಡೋಣ.’

ಅತ್ತೆ ನನ್ನ ಕಡೆ ತಿರುಗಿ ಹುಬ್ಬು ಏರಿಸಿದರು. ಅಮ್ಮನಿಗೆ ಮಂಡಿನೋವು, ಅವಳು ಬರುವಂತಿರಲಿಲ್ಲ. ನನ್ನ ಜೊತೆಗೆಂದು ಅತ್ತೆಯೇ ಹೊರಟಿದ್ದರು. ಬುತ್ತಿಯ ಗಂಟು ನನ್ನ ತಲೆಯ ಮೇಲೆ, ನೀರಿನ ಚೊಂಬು ಮತ್ತು ನೀರು ಸೋಸುವ ಬಿಳಿ ಬಟ್ಟೆ ಅತ್ತೆಯ ಕೈಯಲ್ಲಿ, ಅಪ್ಪನ ಕೈಯಲ್ಲಿ ಕೊಡೆ, ಗಂಡಿನ ಬಗಲಲ್ಲಿ ಘಂಟೆ. ಹೀಗೆ ನಾಲ್ಕು ಜನ ಊರು ಬಿಟ್ಟೆವು.

ಪುಷ್ಯ ಮಾಸದ ಚಳಿ. ಪಾಳೆಯಗಾರರ ಕಾಲದ ಮಣ್ಣಿನ ಕೋಟೆಯ ದಿಬ್ಬ ಮಂಜಿನಲ್ಲಿ ಮಲಗಿದ ಎಮ್ಮೆಯ ಹಾಗೆ ಕಾಣುತ್ತಿತ್ತು. ಅಪ್ಪ ಅದರ ಕಂದಕ ಎಲ್ಲಿತ್ತು, ಬಾಗಿಲು ಯಾವ ದಿಕ್ಕಿಗಿತ್ತು ಎಂದು ಕೊಡೆಯಿಂದ ತೋರಿಸುತ್ತ ಮುಂದೆ ನಡೆದರು. ಅವರ ನಡಿಗೆಯೇ ಹಾಗೆ, ಹಿಂದಿನವರು ಬರುತ್ತಿದ್ದಾರೋ ಇಲ್ಲವೋ ನೋಡುತ್ತಿರಲಿಲ್ಲ. ಅವರ ಹಿಂದೆ ಬರಿಗಾಲಿನ ಅತ್ತೆ, ಆಮೇಲೆ ನಾನು, ಕೊನೆಯಲ್ಲಿ ಹೆಜ್ಜೆಗೊಂದು ಸಲ ಢಣ್ ಢಣ್.

ಎರಡನೆಯ ಮೈಲಿಯ ಹತ್ತಿರ ಒಂದು ರಾಗಿ ಹೊಲದಿಂದ ಹೆಂಗಸೊಬ್ಬಳು ಕುಡುಗೋಲು ಹಿಡಿದುಕೊಂಡೇ ಓಡಿಬಂದಳು. ಘಂಟೆಯ ಸದ್ದು ಕೇಳಿ ಅವಳ ಹಸು ಹಗ್ಗ ಕಿತ್ತುಕೊಂಡು ಮೇಯಲು ನುಗ್ಗಿತೆಂದು ತಿಳಿದಿದ್ದಳು. ಬದುವಿನ ಮೇಲೆ ಕೋಟು ತೊಟ್ಟ ಗಂಡಸನ್ನು ಕಂಡು ಗಕ್ಕನೆ ನಿಂತಳು.

‘ಅಯ್ಯ, ನೀವಾ? ನಾನು ನಮ್ಮ ಕೆಂದಿ ಅಂದ್ಕಂಡೆ’ ಎಂದಳು.

ಅಪ್ಪ ಕೊಡೆ ಊರಿ ನಿಂತು ಕಣ್ಣಲ್ಲಿ ನೀರು ಬರುವಂತೆ ನಕ್ಕರು. ನಗಬಾರದೆಂದು ನಾನು ಬುತ್ತಿಯ ಗಂಟನ್ನು ಭದ್ರವಾಗಿ ಹಿಡಿದುಕೊಂಡೆ. ಘಂಟೆ ಹೊತ್ತವರು ಮಾತ್ರ ಕೋಪಿಸಿಕೊಳ್ಳಲಿಲ್ಲ. ಹೆಂಗಸಿಗೆ ‘ತಪ್ಪಾಯ್ತಮ್ಮ’ ಎಂದು ಹೇಳಿ, ಅಲ್ಲೇ ಕುಕ್ಕರಗಾಲಿನಲ್ಲಿ ಕೂತು, ಕರ್ಚೀಫಿನಿಂದ ಘಂಟೆಯ ನಾಲಿಗೆಯನ್ನು ಸುತ್ತಿ ಕಟ್ಟಿದರು. ಕಟ್ಟುವಾಗ ತಾವೂ ನಕ್ಕರು. ಆಗ ಮೊದಲ ಸಲ ನಾನು ಅವರ ಮುಖವನ್ನು ಸರಿಯಾಗಿ ನೋಡಿದೆ. ಮುಂದಿನ ಹಲ್ಲೊಂದು ಸ್ವಲ್ಪ ಓರೆಯಾಗಿತ್ತು. ನಕ್ಕಾಗ ಅದು ಚೆನ್ನಾಗಿ ಕಾಣುತ್ತಿತ್ತು.

ನಾಲ್ಕನೆಯ ಮೈಲಿಗೆ ಬೂಟು ಕಚ್ಚತೊಡಗಿತು. ಅವರು ಹೇಳಲಿಲ್ಲ. ಪಾದದ ಹೊರ ಅಂಚಿನ ಮೇಲೆ ಭಾರ ಹಾಕಿ ಬಾತುಕೋಳಿಯ ಹಾಗೆ ನಡೆಯುತ್ತಿದ್ದರು. ನಾನು ನೋಡಿದೆ, ಆದರೆ ನಾನು ಹೇಳುವುದು ಹೇಗೆ? ಅತ್ತೆ ತಿರುಗಿ ನೋಡಿ ಒಂದೇ ಮಾತಿಗೆ ಮುಗಿಸಿದರು.

‘ಬೂಟು ಬಿಚ್ಚಪ್ಪ. ಬೂಟು ಅಂಗಡೀಲಿ ಇನ್ನೊಂದು ಸಿಗುತ್ತೆ, ಕಾಲು ಸಿಗಲ್ಲ.’

ಬಿಚ್ಚಿದರೆ ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ. ಬೂಟಿನ ದಾರಗಳನ್ನು ಗಂಟು ಹಾಕಿ ಕೊರಳಿಗೆ ತೂಗಿಸಿಕೊಂಡು, ಪಂಚೆಯನ್ನು ಮೇಲಕ್ಕೆ ಕಟ್ಟಿ, ಬರಿಗಾಲಲ್ಲಿ ನಡೆದರು. ಅಂಗಡಿಯಲ್ಲಿ ದಿನವಿಡೀ ಕೂತವರ ಮೆತ್ತಗಿನ ಕಾಲು. ಕೂಳೆ ಚುಚ್ಚಿದಾಗಲೆಲ್ಲ ಬಾಯೊಳಗೇ ಏನೋ ಎಂದುಕೊಳ್ಳುತ್ತಿದ್ದರು. ಮಂತ್ರವೋ ಬೈಗುಳವೋ ಗೊತ್ತಾಗಲಿಲ್ಲ. ಮುಂದಿನ ಹಳ್ಳಿಯ ಅಂಚಿನ ಕಣದಲ್ಲಿ ರಾಗಿ ಒಕ್ಕಣೆ ನಡೆದಿತ್ತು. ಕಣದ ಗೌಡರು ಅಪ್ಪನಿಗೆ ಹಳೆಯ ಪರಿಚಯ, ಬಸದಿ ಇದ್ದದ್ದು ಅವರ ಹೊಲದ ಪಕ್ಕದಲ್ಲೇ. ನಮ್ಮನ್ನು ಕಂಡು ಕೂಡಲೇ ಹುಲ್ಲಿನ ಮೇಲೆ ಕಂಬಳಿ ಹಾಸಿದರು. ಹಿಂದಿನ ದಿನದ ಬೆಂಕಿಯ ಬೂದಿಯೊಳಗಿಂದ ಸುಟ್ಟ ಗೆಣಸು ತೆಗೆದು ಮುತ್ತುಗದ ಎಲೆಯ ಮೇಲಿಟ್ಟರು. ನಾವು ಯಾರೂ ಕೈಹಾಕಲಿಲ್ಲ. ನೆಲದೊಳಗೆ ಬೆಳೆದದ್ದನ್ನು ತಿನ್ನುವ ವಾಡಿಕೆ ನಮ್ಮ ಮನೆಗಳಲ್ಲಿಲ್ಲ. ಅಪ್ಪ ಅದನ್ನು ಪ್ರತಿ ಸಲ ಹೇಳುತ್ತಿದ್ದರು, ಗೌಡರು ಪ್ರತಿ ಸಲ ಮರೆಯುತ್ತಿದ್ದರು.

‘ಅಂಗಾರೆ ನೆಲದ ಮ್ಯಾಲಿಂದು ತಿನ್ನಿ ಮೇಷ್ಟ್ರೆ’ ಎಂದು ಗೌಡರು ಹೆಂಡತಿಯನ್ನು ಕೂಗಿದರು. ಆಕೆ ಒಂದು ಮೊರ ಬೇಯಿಸಿದ ಸೊಗಡಿನ ಅವರೆಕಾಯಿ ತಂದಿಟ್ಟರು. ಚನ್ನರಾಯಪಟ್ಟಣದವರ ಹಿಮ್ಮಡಿ ನೋಡಿ, ಒಳಗೆ ಹೋಗಿ ಗಂಡನ ಹಳೆಯ ಎಕ್ಕಡ ತಂದು ಮುಂದಿಟ್ಟರು.

‘ಆಕ್ಕೊಳಪ್ಪ. ಚಂದಾಗಿಲ್ಲ, ಆದ್ರೆ ಕಚ್ಚಕ್ಕಿಲ್ಲ.’

ಅದನ್ನು ಮೆಟ್ಟಿ ಎರಡು ಹೆಜ್ಜೆ ಇಟ್ಟವರ ಮುಖದ ಮೇಲೆ ಬಂದ ನೆಮ್ಮದಿಯನ್ನು ನೋಡಿ ಅತ್ತೆಯೂ ಸೆರಗು ಬಾಯಿಗೆ ಹಿಡಿದು ನಕ್ಕರು.

ಊರವರು ಆ ಬಸದಿಯನ್ನು ಸವಣಪ್ಪನ ಗುಡಿ ಎಂದು ಕರೆಯುತ್ತಿದ್ದರು. ಸಣ್ಣ ದಿಬ್ಬದ ಮೇಲೆ, ಎಕ್ಕದ ಗಿಡಗಳ ನಡುವೆ, ತಿರುಗಣೆಯಲ್ಲಿ ಕಡೆದಂತೆ ನುಣ್ಣಗಿದ್ದ ನಾಲ್ಕು ಕಂಬಗಳು ನಿಂತಿದ್ದವು. ಮಾಡಿನ ಚಪ್ಪಡಿಗಳು ಯಾವ ಕಾಲದಲ್ಲೋ ಬಿದ್ದು ಅರ್ಧ ಮಣ್ಣಾಗಿದ್ದವು. ಗರ್ಭಗುಡಿಯಲ್ಲಿ ಬಿಂಬವಿಲ್ಲ, ಸಿಂಹದ ಗುರುತಿದ್ದ ಖಾಲಿ ಪೀಠ ಮಾತ್ರ. ಗೋಡೆಯ ಸಂದಿನಲ್ಲಿ ಗಿಳಿಗಳು ಗೂಡು ಮಾಡಿಕೊಂಡಿದ್ದವು. ಅತ್ತೆ ಸೆರಗಿನ ಗಂಟು ಬಿಚ್ಚಿ, ಮನೆಯಿಂದ ತಂದ ಹಿಡಿ ಅಕ್ಕಿಯನ್ನು ಪೀಠದ ಮುಂದೆ ಮೂರು ಗುಪ್ಪೆ ಮಾಡಿಟ್ಟು, ಕಣ್ಣು ಮುಚ್ಚಿ ಕುಳಿತರು. ಅವರು ಕಣ್ಣು ಬಿಡುವ ಮೊದಲೇ ಒಂದು ಗಿಳಿ ಬಂದು ಅಕ್ಕಿ ಹೆಕ್ಕತೊಡಗಿತು. ಅವರು ಕಣ್ಣು ಬಿಟ್ಟು ನೋಡಿದರು. ಓಡಿಸಲಿಲ್ಲ.

ನಾನು ಬಾಗಿಲುವಾಡದ ಪಕ್ಕದ ಶಾಸನಕ್ಕೆ ಸೀಮೆಸುಣ್ಣ ಸವರುತ್ತಿದ್ದೆ. ಚನ್ನರಾಯಪಟ್ಟಣದವರು ಘಂಟೆಯನ್ನು ಎಲ್ಲಿ ತೂಗುಹಾಕಬಹುದೆಂದು ಒಂದು ಸುತ್ತು ಹಾಕಿ ಬಂದರು. ತೂಗುಹಾಕಲು ಮೇಲೆ ಏನೂ ಇರಲಿಲ್ಲ. ಬಿದ್ದ ಕಲ್ಲುಗಳ ನಡುವೆ ಕೂತು ಒಂದು ಚಪ್ಪಡಿಯ ಅಂಚನ್ನು ಬೆರಳಿನಿಂದ ತಡವತೊಡಗಿದರು. ಆಮೇಲೆ ಅಪ್ಪನನ್ನು ಕರೆದರು. ಚಪ್ಪಡಿಯ ಅಂಚಿನಲ್ಲಿ ಬುಡುಬುಡಿಕೆಯ ಆಕಾರದ ಗುಳಿಯಿತ್ತು, ಅರ್ಧಕ್ಕೆ ತುಂಡಾಗಿತ್ತು. ಇಂಥ ಗುಳಿಗಳನ್ನು ಅಪ್ಪ ಹತ್ತು ಕಡೆ ನೋಡಿದ್ದರು. ಕುಟ್ಟುವ ಒರಳು ಇರಬೇಕೆಂದು ಬರೆದುಕೊಂಡಿದ್ದರು.

‘ಒರಳಲ್ಲ ಸಾರ್. ಎರಡು ಕಲ್ಲು ಜೋಡಿಸಿ, ಈ ಗುಳೀಲಿ ಕಬ್ಬಿಣದ ಪಟ್ಟಿ ಇಟ್ಟು, ಮೇಲೆ ಸೀಸ ಉಯ್ದಿದಾರೆ. ನೋಡಿ, ಮೂಲೇಲಿ ತುಕ್ಕಿನ ಕಲೆ ಇದೆ. ಕಬ್ಬಿಣಕ್ಕೆ ಯಾರೋ ಕಲ್ಲು ಒಡೆದು ಕಿತ್ಕೊಂಡು ಹೋಗಿದಾರೆ. ಅದಕ್ಕೇ ಮಾಡು ಬಿದ್ದಿರೋದು.’

ಅಪ್ಪ ನೆಲದ ಮೇಲೆ ಕೂತುಬಿಟ್ಟರು. ಹತ್ತು ವರ್ಷದಿಂದ ನೋಡುತ್ತಿದ್ದ ಗುಳಿಯನ್ನು ಪಾತ್ರೆ ಅಂಗಡಿಯವರೊಬ್ಬರು ಹತ್ತು ನಿಮಿಷದಲ್ಲಿ ಬಿಡಿಸಿದ್ದರು. ಜೇಬಿನಿಂದ ನೋಟ್ ಬುಕ್ ತೆಗೆದು ‘ಒರಳು’ ಎಂದಿದ್ದ ಕಡೆಯೆಲ್ಲ ಪೆನ್ಸಿಲಿನಿಂದ ಹೊಡೆದುಹಾಕುತ್ತ, ಹಾಗಾದರೆ ಇದು ಹೇಗೆ, ಅದು ಹೇಗೆ ಎಂದು ಪ್ರಶ್ನೆಗಳನ್ನು ಕೇಳತೊಡಗಿದರು. ಅವರು ಗೊತ್ತಿದ್ದದ್ದಕ್ಕೆ ಉತ್ತರ ಹೇಳಿದರು, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದರು. ಅಪ್ಪ ಉಳಿದ ಚಪ್ಪಡಿಗಳ ಗುಳಿಗಳನ್ನು ಎಣಿಸಲು ಹಿಂದುಗಡೆಗೆ ಹೋದಾಗ ಅವರು ನನ್ನ ಪಕ್ಕ ಬಂದು ನಿಂತು, ನಾನು ಬರೆಯುವುದನ್ನು ನೋಡಿದರು. ಇದನ್ನು ಓದೋಕೆ ಬರುತ್ತಾ ನಿಮಗೆ ಎಂದು ಕೇಳಿದರು. ನಾನು ಎರಡು ಸಾಲು ಓದಿ ಹೇಳಿದೆ. ಯಾರೋ ಒಬ್ಬಳು ಹೆಂಗಸು ಬಸದಿಯ ದೀಪಕ್ಕೆಂದು ಇಷ್ಟು ಭೂಮಿ ಬಿಟ್ಟಳೆಂದು ಇತ್ತು. ಅವರಿಗೆ ಆಶ್ಚರ್ಯವಾಯಿತು. ಅದು ನನಗೆ ಧೈರ್ಯ ಕೊಟ್ಟಿತು. ಅತ್ತೆಗೆ ಕೇಳಿಸುತ್ತಿದೆ ಎಂದು ಗೊತ್ತಿದ್ದೂ ಕೇಳಿಯೇಬಿಟ್ಟೆ.

‘ನನಗೆ ಹಾಸನದಲ್ಲಿ ಟ್ರೈನಿಂಗ್ ಮಾಡಬೇಕು ಅಂತಿದೆ. ಎರಡು ವರ್ಷ. ಆಮೇಲೆ ಮೇಡಮ್ ಆಗಿ ಕೆಲಸ ಮಾಡಬೇಕು. ನಿಮ್ಮ ಮನೇಲಿ ಆಗುತ್ತಾ?’

ಅವರು ಎಕ್ಕಡದ ತುದಿಯನ್ನು ನೋಡಿದರು. ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದರು.

ನನ್ನ ಉತ್ಸಾಹ ಜರ್ರನೆ ಇಳಿಯಿತು. ಮನೆಯಲ್ಲಿ ಕೇಳಿದರೆ ಏನು ಹೇಳುತ್ತಾರೆಂದು ನನಗೂ ಗೊತ್ತು, ಅವರಿಗೂ ಗೊತ್ತು. ಸುಮ್ಮನೆ ಉಳಿದ ಸಾಲುಗಳನ್ನು ಇಳಿಸಿಕೊಂಡೆ. ಒಂದೆರಡು ಅಕ್ಷರ ತಪ್ಪಿದವು. ದಿಬ್ಬದ ಕೆಳಗಿನ ಹುಣಸೆ ಮರದಡಿ ರಾಗಿ ರೊಟ್ಟಿ, ಹುಚ್ಚೆಳ್ಳಿನ ಚಟ್ನಿ ತಿನ್ನುವಾಗಲೂ ಅವರ ಕಡೆ ಬೆನ್ನು ಮಾಡಿ ಕೂತೆ. ಅಪ್ಪನಿಗೆ ಇದಾವುದೂ ತಿಳಿಯಲಿಲ್ಲ. ಅವರು ಕಬ್ಬಿಣದ ಪಟ್ಟಿಯ ಗುಂಗಿನಲ್ಲಿದ್ದರು. ಅತ್ತೆ ಮಾತ್ರ ನನ್ನ ಎಲೆಗೆ ಕೇಳದೆ ಇನ್ನೊಂದು ರೊಟ್ಟಿ ಹಾಕಿದರು.

ಅಲ್ಲಿಂದ ಮುಂದೆ ನೆಲ ಮೆಲ್ಲಗೆ ಏರುತ್ತದೆ, ಆಮೇಲೆ ಇದ್ದಕ್ಕಿದ್ದಂತೆ ಕಾವೇರಿಯ ಕಣಿವೆ ಕಾಣುತ್ತದೆ. ನಾನು ಅಷ್ಟು ಸಲ ನೋಡಿದ್ದರೂ ಅಲ್ಲಿ ನಿಲ್ಲದೆ ಮುಂದೆ ಹೋಗಿದ್ದಿಲ್ಲ. ಇತ್ತ ಒಣ ರಾಗಿ ಹೊಲದ ಕೆಂಪು, ಅತ್ತ ನಾಲೆಯ ಕೆಳಗಿನ ಬತ್ತದ ಗದ್ದೆಗಳ ಹೊಂಬಣ್ಣ. ಕೊಯ್ದ ಗದ್ದೆಯಲ್ಲಿ ಬೆಳ್ಳಕ್ಕಿಗಳು, ನಡುವೆ ಹೊಳೆಮತ್ತಿ ಮರಗಳ ಸಾಲು, ಆ ಸಾಲಿನ ಒಳಗೆ ಅಲ್ಲಲ್ಲಿ ಹೊಳೆಯುವ ನೀರು. ದೂರದಲ್ಲಿ ಕೊಣನೂರಿನ ಹೆಂಚಿನ ಮನೆಗಳು. ಚನ್ನರಾಯಪಟ್ಟಣದವರಿಗೆ ಕೆರೆ ಗೊತ್ತು, ಹೊಳೆ ಅಷ್ಟಾಗಿ ಗೊತ್ತಿಲ್ಲ. ಘಂಟೆಯನ್ನು ಕೆಳಗಿಟ್ಟು ಬಹಳ ಹೊತ್ತು ನೋಡುತ್ತ ನಿಂತರು. ಇಷ್ಟು ದಿನ ನಾನು ಅಂಗಡಿಯ ಬಾಗಿಲಿನಿಂದ ಎದುರಿನ ಅಂಗಡಿಯ ಬಾಗಿಲು ನೋಡುತ್ತ ಕೂತಿದ್ದೆನಲ್ಲ ಎಂದು ಅಪ್ಪನಿಗೆ ಹೇಳಿದರು. ಮುನಿಸಿಕೊಂಡೇ ಇರಬೇಕೆಂದುಕೊಂಡಿದ್ದ ನನಗೆ ಆ ಮಾತು ಕೇಳಿ ಅದು ಕಷ್ಟವಾಯಿತು.

ಹೊಳೆಯ ಆಚೆ ದಡದಲ್ಲಿ ಒಂದು ಹಳೆಯ ಮಂಟಪವಿತ್ತು, ಅದರೊಳಗೆ ಅಪ್ಪ ನೋಡಬೇಕೆಂದಿದ್ದ ವೀರಗಲ್ಲು. ದಾಟಲು ಹರಿಗೋಲು. ನಾವು ಕಡವಿಗೆ ಇಳಿದಾಗ ಹರಿಗೋಲು ಆಚೆ ದಡದಲ್ಲಿ ಆಮೆಯ ಹಾಗೆ ಮಗುಚಿಕೊಂಡಿತ್ತು. ಅಂಬಿಗ ಮರದ ನೆರಳಲ್ಲಿ ಮುಸುಕೆಳೆದು ಮಲಗಿದ್ದ. ಅಪ್ಪ ಕೂಗಿದರು. ಆಮೇಲೆ ಚನ್ನರಾಯಪಟ್ಟಣದವರು ಕೂಗಿದರು. ಗಾಳಿ ಆ ಕಡೆಯಿಂದ ಬೀಸುತ್ತಿತ್ತು, ಕೂಗು ನಮ್ಮ ಕಿವಿಗೇ ವಾಪಸು ಬರುತ್ತಿತ್ತು. ಅಪ್ಪ ಕೊಡೆ ಬಿಚ್ಚಿ ಬೀಸಿದರು. ಅತ್ತೆಯೂ ಒಂದು ಸಲ ಕೂಗಿದರು, ಬತ್ತದ ಗದ್ದೆಯ ಬೆಳ್ಳಕ್ಕಿಗಳು ಎದ್ದು ಹಾರಿದವು, ಅಂಬಿಗ ಏಳಲಿಲ್ಲ. ಹೀಗೆ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಹೋಯಿತು. ನಾನು ಬಂಡೆಯ ಮೇಲೆ ಕೂತಿದ್ದವಳು, ಯಾರಿಗೂ ಅಲ್ಲವೆಂಬಂತೆ, ಘಂಟೆ ಇರೋದು ಯಾಕೆ ಎಂದೆ.

ಅವರು ನನ್ನ ಮುಖ ನೋಡಿ, ಚೀಲ ಬಿಚ್ಚಿ, ಕರ್ಚೀಫು ಕಿತ್ತು, ಎರಡೂ ಕೈಯಲ್ಲಿ ಘಂಟೆಯನ್ನು ಎತ್ತಿ ಹಿಡಿದು ಹೊಡೆದರು. ಬೆಳಗಿನಿಂದ ಬಾಯಿ ಕಟ್ಟಿಸಿಕೊಂಡಿದ್ದ ಕಂಚು ಈಗ ಕಣಿವೆಯೆಲ್ಲ ತುಂಬಿಕೊಂಡಿತು. ಗದ್ದೆಯಲ್ಲಿ ಕೊಯ್ಯುತ್ತಿದ್ದವರು ನೆಟ್ಟಗಾದರು. ಆಚೆ ದಡದಲ್ಲಿ ಮುಸುಕು ಹಾರಿತು, ಅಂಬಿಗ ಎದ್ದು ಕೈಮುಗಿದು ಸುತ್ತ ನೋಡಿದ. ಆಮೇಲೆ ನಮ್ಮನ್ನು ಕಂಡು ಹರಿಗೋಲು ಮಗುಚಿ ನೀರಿಗಿಳಿಸಿದ.

‘ಯಾವ್ದೋ ಉತ್ಸವ ಬಂದ್ಬುಡ್ತು ಅಂದ್ಕಂಡೆ ಸಾ’ ಎಂದ ದಡಕ್ಕೆ ಬಂದವನು. ಐವತ್ತರ ಆಸುಪಾಸಿನ, ಹೊಳೆಯ ನೀರಲ್ಲೇ ನೆನೆದು ಒಣಗಿದಂತಿದ್ದ ಮನುಷ್ಯ. ಹರಿಗೋಲು ಗಿರ್ರನೆ ತಿರುಗುತ್ತ ನಡುನೀರಿಗೆ ಹೋದಾಗ ಚನ್ನರಾಯಪಟ್ಟಣದವರು ಒಂದು ಕೈಯಲ್ಲಿ ಘಂಟೆ, ಇನ್ನೊಂದು ಕೈಯಲ್ಲಿ ಅಪ್ಪನ ಕೋಟಿನ ಅಂಚು ಹಿಡಿದುಕೊಂಡಿದ್ದರು. ಹುಟ್ಟು ಹಾಕುತ್ತ ಅಂಬಿಗ ತನ್ನ ಕಷ್ಟ ಹೇಳಿಕೊಂಡ. ಗಾಳಿ ತಿರುಗಿದರೆ ಈಚೆ ದಡದವರ ಕೂಗು ಕೇಳುವುದಿಲ್ಲ, ಜನ ಬಂದು ಬೈಯುತ್ತಾರೆ.

‘ಓದ್ವರ್ಸ ಒಂದು ದಿಬ್ಬಣ ಬಂದು ಅರ್ಧ ದಿನ ಅಲ್ಲೇ ಕುಂತಿತ್ತು ಸಾ. ಗಂಡೂ ಅಲ್ಲೇ ಇದ್ದ. ಮೂರ್ತ ಮೀರ್ದ ಮ್ಯಾಲೆ ತಾಳಿ ಕಟ್ದ. ನನ್ನ ತಪ್ಪೇನೈತೆ ಏಳಿ.’

ಅಪ್ಪ ಮಂಟಪ ನೋಡಿದರು. ವೀರಗಲ್ಲು ಚೆನ್ನಾಗಿತ್ತು. ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು. ನಾವು ವಾಪಸು ಈಚೆ ದಡಕ್ಕೆ ಬಂದಾಗ ಹೊತ್ತು ಇಳಿಮುಖವಾಗಿತ್ತು. ದಡ ಹತ್ತಿದ ಮೇಲೆ ಘಂಟೆ ಹೊತ್ತವರು ಮುಂದೆ ನಡೆಯಲಿಲ್ಲ. ಕಡವಿನ ಪಕ್ಕದ ಹೊಳೆಮತ್ತಿಯ ಗಟ್ಟಿ ಕೊಂಬೆಯನ್ನು ನೋಡುತ್ತ ನಿಂತರು. ಆಮೇಲೆ ಅಪ್ಪನ ಹತ್ತಿರವಲ್ಲ, ಅತ್ತೆಯ ಹತ್ತಿರ ಹೋದರು. ಘಂಟೆಯನ್ನು ಇಲ್ಲಿ ಕಟ್ಟಿದರೆ ಆಗಬಹುದೇ, ಬಸದಿಯಲ್ಲಿ ಬಾರಿಸುವವರೂ ಇಲ್ಲ ಕೇಳುವವರೂ ಇಲ್ಲ, ಇಲ್ಲಿ ಇಬ್ಬರೂ ಇದ್ದಾರೆ ಎಂದು ಕೇಳಿದರು.

ನಾನೂ ಅಪ್ಪನೂ ಅತ್ತೆಯ ಕಡೆ ತಿರುಗಿದೆವು. ದೇವರ ಸಾಮಾನಿನ ವಿಷಯದಲ್ಲಿ ಅತ್ತೆ ಎಂಥವರೆಂದು ನಮಗೆ ಗೊತ್ತಿತ್ತು.

‘ದೇವರಿಗೆ ಅಂತ ನಿಮ್ಮಮ್ಮ ಕೊಟ್ಟಿದ್ದು. ಕೇಳಿದ್ರೆ ಏನು ಹೇಳ್ತೀಯ?’

‘ಇದ್ದದ್ದು ಇದ್ದ ಹಾಗೆ ಹೇಳ್ತೀನಿ, ಅತ್ತೆ.’

ಮಾತು ಬಾಯಿಂದ ಬಿದ್ದ ಮೇಲೆ ಅವರಿಗೇ ಗಾಬರಿಯಾಯಿತು. ಬೆಳಗಿನಿಂದ ನಾನು ಅತ್ತೆ ಅತ್ತೆ ಎನ್ನುವುದನ್ನು ಕೇಳಿ ನಾಲಿಗೆಗೆ ಹತ್ತಿತ್ತು. ಕಿವಿಯವರೆಗೂ ಕೆಂಪಾದರು. ಅತ್ತೆ ಸೊಂಟದ ಮೇಲೆ ಕೈಯಿಟ್ಟು ಅವರನ್ನು ಮೇಲಿನಿಂದ ಕೆಳಗೆ ನೋಡಿದರು.

‘ನಾನು ನಿನಗೆ ಯಾವಾಗಿಂದ ಅತ್ತೆ ಆದೆನಪ್ಪ?’

ಅಪ್ಪ ಹೊಳೆಯ ಕಡೆ ಮುಖ ತಿರುಗಿಸಿದರು. ಅವರ ಬೆನ್ನು ಅಲುಗುತ್ತಿದ್ದುದರಿಂದ ನಗುತ್ತಿದ್ದಾರೆಂದು ಗೊತ್ತಾಯಿತು. ಅತ್ತೆಯೂ ತಡೆಯಲಾರದೆ ನಕ್ಕು, ಕಟ್ಟು, ದಾಟುವವರು ಕ್ಷೇಮವಾಗಿ ದಾಟಲಿ, ಅದಕ್ಕಿಂತ ದೊಡ್ಡ ಪೂಜೆ ಯಾವುದು ಎಂದರು. ಅಂಬಿಗ ಹರಿಗೋಲಿನ ಹಗ್ಗ ತಂದ. ಎಕ್ಕಡ ಬಿಟ್ಟು ಮರ ಹತ್ತಿದವರು ಚನ್ನರಾಯಪಟ್ಟಣದವರೇ. ಗಂಟು ಮಾತ್ರ ಅಂಬಿಗ ಕೆಳಗೆ ನಿಂತು ಹೇಳಿಕೊಟ್ಟಂತೆ ಹಾಕಿದರು. ಅವರ ತಾಯಿ ಈ ಸುದ್ದಿ ಕೇಳಿ ಒಂದು ವಾರ ಮಗನ ಜೊತೆ ಮಾತು ಬಿಟ್ಟಿದ್ದರಂತೆ. ಎಂಟನೆಯ ದಿನ ಅಂಗಡಿಗೆ ಬಂದ ಯಾರೋ ಕೊಣನೂರಿನ ಕಡೆಯವರು ಕಡವಿನಲ್ಲಿ ಯಾವನೋ ಪುಣ್ಯಾತ್ಮ ಘಂಟೆ ಕಟ್ಟಿಸಿದ್ದಾನೆ ಎಂದು ಹೇಳಿದ ಮೇಲೆ, ಆ ಪುಣ್ಯಾತ್ಮನ ತಾಯಿ ನಾನೇ ಎಂದು ಊರಿಗೆಲ್ಲ ಹೇಳಿಕೊಂಡು ಬಂದರಂತೆ.

ಹೊಳೆಯ ದಡದಲ್ಲೇ ನಡೆದು ಕೊಣನೂರು ಸೇರುವಾಗ ಸೂರ್ಯ ಮರದ ತುದಿಯಲ್ಲಿದ್ದ. ಕತ್ತಲಾದ ಮೇಲೆ ನಾವು ಊಟ ಮಾಡುವವರಲ್ಲ. ಅತ್ತೆ ಅವಸರ ಮಾಡಿ ನೀರು ಸೋಸಿ, ಹೊಳೆಯ ಮೆಟ್ಟಿಲ ಮೇಲೆ ಮೊಸರನ್ನದ ಗಂಟು ಬಿಚ್ಚಿದರು. ಉಂಡು ಕೈತೊಳೆಯಲು ಅಪ್ಪ, ಅತ್ತೆ ನೀರಿನ ಹತ್ತಿರ ಇಳಿದರು. ಅತ್ತೆ ಬೇಕೆಂದೇ ಬಹಳ ಹೊತ್ತು ಕೈತೊಳೆದರೆಂದು ನನಗೆ ಈಗ ಅನ್ನಿಸುತ್ತದೆ. ಚನ್ನರಾಯಪಟ್ಟಣದವರು ಇನ್ನೂ ಉಣ್ಣುತ್ತಿದ್ದರು. ಕೈ ಎಲೆಯ ಮೇಲೆಯೇ ಇಟ್ಟುಕೊಂಡು ಹೇಳಿದರು.

‘ಬೆಳಿಗ್ಗೆ ಮನೇಲಿ ಕೇಳಿ ಹೇಳ್ತೀನಿ ಅಂದೆ. ಅದು ತಪ್ಪಿಸಿಕೊಳ್ಳೋ ಮಾತು. ನೀವು ಟ್ರೈನಿಂಗಿಗೆ ಹೋಗಿ. ಮನೇಲಿ ನಾನು ಕೇಳಲ್ಲ, ಹೇಳ್ತೀನಿ.’

‘ಅವರು ಬೇಡ ಅಂದ್ರೆ?’

‘ಒಂದು ವಾರ ಮಾತು ಬಿಡ್ತಾರೆ. ಆಮೇಲೆ ಸರಿ ಹೋಗುತ್ತೆ.’

ನನಗೆ ನಗು ಬಂತು. ಬೆಳಗಿನಿಂದ ಕಟ್ಟಿಕೊಂಡಿದ್ದ ಬಿಗುಮಾನ ಎಲ್ಲಿ ಹೋಯಿತೋ. ನೀವು ಒಂದು ವಿಷಯ ಕೇಳಲೇ ಇಲ್ಲ ಎಂದೆ. ಏನು ಎಂದರು. ನನಗೆ ಒಪ್ಪಿಗೆಯೋ ಇಲ್ಲವೋ ಅಂತ ಎಂದೆ. ಬಾಯಲ್ಲಿ ಮೊಸರನ್ನದ ತುತ್ತಿತ್ತು. ಅದನ್ನು ನುಂಗಿ, ನೀರು ಕುಡಿದು, ಪಂಚೆಯ ತುದಿಯಿಂದ ಬಾಯಿ ಒರೆಸಿಕೊಂಡು, ಪರೀಕ್ಷೆಗೆ ಕೂತವರ ಹಾಗೆ ಕೇಳಿದರು.

‘ಒಪ್ಪಿಗೆನಾ?’

‘ಹೂಂ’ ಎಂದೆ. ಅಷ್ಟರಲ್ಲಿ ಅರಕಲಗೂಡಿನ ಬಸ್ಸಿನ ಹಾರನ್ ಕೇಳಿಸಿತು, ನಾಲ್ವರೂ ಓಡಿದೆವು.

ಮುಂದಿನ ವೈಶಾಖದಲ್ಲಿ ನಮ್ಮ ಮದುವೆಯಾಯಿತು. ಹೇಳಿದಂತೆ ಅವರು ಮನೆಯಲ್ಲಿ ಹೇಳಿದರು, ಅವರ ತಾಯಿ ಒಂದು ವಾರವಲ್ಲ, ಮೂರು ವಾರ ಮಾತು ಬಿಟ್ಟರು. ನಾನು ಹಾಸನದ ಹಾಸ್ಟೆಲಿನಲ್ಲಿದ್ದು ಟ್ರೈನಿಂಗ್ ಮುಗಿಸಿದೆ. ತಿಂಗಳಿಗೆರಡು ಭಾನುವಾರ ಅವರು ಶಾಂತಿಗ್ರಾಮದ ಮೇಲಿನ ಬಸ್ಸಿನಲ್ಲಿ ಬಂದು, ಹಾಸ್ಟೆಲಿನ ಕಲ್ಲು ಬೆಂಚಿನ ಮೇಲೆ ಕೂತು, ಊರಿನ ಸುದ್ದಿ ಹೇಳಿ ಹೋಗುತ್ತಿದ್ದರು. ಅರವತ್ತೊಂದರಲ್ಲಿ ಚನ್ನರಾಯಪಟ್ಟಣದಿಂದ ಐದು ಮೈಲಿ ದೂರದ ಹಳ್ಳಿಯ ಶಾಲೆಗೆ ನನಗೆ ಆರ್ಡರ್ ಬಂತು.

ಮೊದಲ ದಿನ ಅವರೇ ಬಿಟ್ಟು ಬರುತ್ತೇನೆ ಎಂದು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೊರಟರು. ಹಿಂದಿನ ದಿನ ಮಳೆ ಬಂದಿತ್ತು. ಶಾಲೆ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿ, ಕೆರೆ ಏರಿಯ ಇಳಿಜಾರಿನಲ್ಲಿ ಸೈಕಲ್ಲು ಜಾರಿತು. ನಾನು ಹೊಸ ಇಳಕಲ್ ಸೀರೆಯಲ್ಲಿ ಕೆಸರಿಗೆ ಬಿದ್ದೆ, ಅವರು ನನ್ನ ಮೇಲೆ ಬಿದ್ದರು, ಸೈಕಲ್ಲು ಅವರ ಮೇಲೆ. ಶಾಲೆಯ ಮುಂದೆ ಸಾಲಾಗಿ ನಿಂತಿದ್ದ ಮಕ್ಕಳು ಇದನ್ನೆಲ್ಲ ನೋಡಿದರು. ಒಬ್ಬರೂ ನಗಲಿಲ್ಲ, ಹೆದರಿದ್ದರು. ನಾನು ಎದ್ದು, ಸೆರಗು ಹಿಂಡಿ, ಒಳಗೆ ಹೋಗಿ ಬೋರ್ಡಿನ ಮೇಲೆ ದೊಡ್ಡದಾಗಿ ‘ಅ’ ಎಂದು ಬರೆದೆ. ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬಳು ಎದ್ದು ನಿಂತು, ‘ಮೇಡಮ್ಮೋರೆ, ಆವಯ್ಯ ಇನ್ನೂ ಕೆಸರಲ್ಲೇ ಕುಂತವ್ರೆ’ ಎಂದಳು.

ಕಿಟಕಿಯಿಂದ ನೋಡಿದೆ. ನಿಜವಾಗಿಯೂ ಕೂತಿದ್ದರು, ಸೈಕಲ್ಲಿನ ಸರಪಣಿ ಹಾಕುತ್ತ. ಆಗ ನಾನೇ ಮೊದಲು ನಕ್ಕೆ. ಆಮೇಲೆ ಇಡೀ ಕ್ಲಾಸು.